ಹಳೆ ಕಾರಿನ ಕ್ಲಚ್ ಲೈನಿನಿಂದ ಹೋಗದ ಗಾಳಿ: ಗುಳ್ಳೆ ನೋಡಬೇಡಿ, ರಾಡ್ ಅಳೆಯಿರಿ

ಪ್ರಶ್ನೆ: ನನ್ನ ಬಳಿ 1965ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಇದೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಕ್ಲಚ್ ಮಾಸ್ಟರ್ ಸಿಲಿಂಡರಿಗೆ ಹೊಸ ರಬ್ಬರ್ ಕಿಟ್ ಹಾಕಿದ್ದೇನೆ. ಆ ಆಯಿಲಿನ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್, ಹೋಸ್ ಎರಡೂ ಹೊಸವು. ಬ್ರೇಕ್ ಬ್ಲೀಡ್ ಮಾಡುವ (ಲೈನಿನ ಗಾಳಿ ಹೊರಹಾಕುವ) ಹಾಗೆಯೇ ಕ್ಲಚ್ಚನ್ನೂ ಎಷ್ಟೋ ಸಲ ಬ್ಲೀಡ್ ಮಾಡಿದೆ. ವ್ಯಾಕ್ಯೂಮ್ ಪಂಪ್ ಹಾಕಿದರೆ ಗುಳ್ಳೆ ಬರುತ್ತಲೇ ಇರುತ್ತದೆ. ಪೆಡಲ್ ಅರ್ಧದವರೆಗೂ ಹಗುರ. ರಿವರ್ಸ್ ಹಾಕಿದರೆ ಕರಕರ ಅನ್ನುತ್ತದೆ. ಪೆಡಲನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಸಲೀಸಾಗಿ ಬೀಳುತ್ತದೆ. ಗಾಳಿ ಎಲ್ಲಿಂದ ಬರುತ್ತಿದೆ? ಪೂರ್ತಿ ತೆಗೆಯುವುದು ಹೇಗೆ?

ಉತ್ತರ: ನೀವು ಕೊಟ್ಟ ವಿವರದಲ್ಲಿ ಎರಡು ಬೇರೆ ಬೇರೆ ಗಾಳಿಗಳಿವೆ. ಒಂದು ಲೈನಿನೊಳಗೆ ನಿಜವಾಗಿ ಸಿಕ್ಕಿಕೊಂಡಿರುವುದು. ಇನ್ನೊಂದು ನಿಮ್ಮ ವ್ಯಾಕ್ಯೂಮ್ ಪಂಪೇ ಹೊರಗಿನಿಂದ ಎಳೆದು ನಿಮಗೆ ತೋರಿಸುತ್ತಿರುವುದು. ಎರಡನೆಯದರ ಬೆನ್ನು ಹತ್ತಿ ಮೊದಲನೆಯದನ್ನು ಹಾಗೇ ಬಿಟ್ಟಿದ್ದೀರಿ.

ವ್ಯಾಕ್ಯೂಮ್ ಪಂಪ್ ವಿಷಯವನ್ನು ಮೊದಲು ಮುಗಿಸೋಣ. ಸ್ಲೇವಿನಲ್ಲಿ ಗಾಳಿ ಬಿಡಲೆಂದು ಇರುವ ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸಿದ ಕೂಡಲೇ ಅದರ ಮರೆಗಳ (ಥ್ರೆಡ್) ಸುತ್ತ ಸಣ್ಣ ಸಂದು ತೆರೆದುಕೊಳ್ಳುತ್ತದೆ. ಪಂಪ್ ಎಳೆಯುವಾಗ ಆ ಸಂದಿನಿಂದ ಹೊರಗಾಳಿ ನುಗ್ಗಿ, ಪಾರದರ್ಶಕ ಟ್ಯೂಬಿನಲ್ಲಿ ಸಾಲು ಗುಳ್ಳೆಗಳಾಗಿ ಕಾಣುತ್ತದೆ. ಲೈನಿನಲ್ಲಿ ಗಾಳಿಯ ಹನಿಯೂ ಇಲ್ಲದಿದ್ದರೂ ಈ ಗುಳ್ಳೆ ನಿಲ್ಲುವುದಿಲ್ಲ. ಇನ್ನೂ ಒಂದು ತೊಂದರೆ ಇದೆ. ಸ್ಲೇವ್ ಸಿಲಿಂಡರಿನ ರಬ್ಬರ್ ಕಪ್ಪಿನ ತುಟಿ ಒಳಗಿನ ಒತ್ತಡಕ್ಕೆ ಅಗಲವಾಗಿ ಗೋಡೆಗೆ ಅಂಟಿಕೊಳ್ಳುವಂತೆ ಮಾಡಿರುವುದು. ಒಳಗಿನಿಂದ ಎಳೆತ ಬಿದ್ದರೆ ಅದೇ ತುಟಿ ಗೋಡೆ ಬಿಟ್ಟು, ಹೊರಗಿನ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳಬಹುದು. ಕಾರ್ಖಾನೆಯಲ್ಲಿ ದೊಡ್ಡ ಯಂತ್ರ ಹಾಕಿ ಇಡೀ ಲೈನನ್ನು ನಿರ್ವಾತ ಮಾಡಿ ತುಂಬುವುದು ಬೇರೆ ಮಾತು. ಹಳೆ ಕಾರಿನ ಕ್ಲಚ್ಚಿಗೆ ಕೈ ಪಂಪಿನ ವ್ಯಾಕ್ಯೂಮ್ ನನ್ನ ಲೆಕ್ಕದಲ್ಲಿ ಕೊನೆಯ ಆಯ್ಕೆ. ಹಾಕಲೇಬೇಕೆಂದಿದ್ದರೆ ನಿಪ್ಪಲ್ಲಿನ ಮರೆಗೆ ಮಾತ್ರ, ತುದಿಯ ಕೋನಕ್ಕೆ ತಾಗದಂತೆ, ಸ್ವಲ್ಪ ರಬ್ಬರ್ ಗ್ರೀಸ್ ಸವರಿ.

ಈಗ ನಿಜವಾದ ಗಾಳಿ. ಎರಡನೇ ಸಲ ಒತ್ತಿದಾಗ ಗೇರ್ ಬೀಳುತ್ತದೆ ಎಂದಿರಲ್ಲ, ಅದು ಬಹಳ ಒಳ್ಳೆಯ ಸುಳಿವು. ಪೆಡಲ್ ಬೇಗ ಹಿಂದೆ ಬರುವಾಗ ಮಾಸ್ಟರಿನೊಳಗೆ ಅರೆಕ್ಷಣ ಸಣ್ಣ ಎಳೆತ ಹುಟ್ಟುತ್ತದೆ. ರಿಸರ್ವಾಯರಿನ (ಮಾಸ್ಟರಿನ ಡಬ್ಬಿಯ) ಆಯಿಲ್, ಅಂದರೆ ಬ್ರೇಕ್ ಫ್ಲೂಯಿಡ್, ರಬ್ಬರ್ ಕಪ್ಪಿನ ಅಂಚು ದಾಟಿ ಮುಂದಕ್ಕೆ ಬರುತ್ತದೆ. ಆ ಹೆಚ್ಚುವರಿ ಆಯಿಲ್ ವಾಪಸ್ ಹೋಗುವ ಮೊದಲೇ ಮತ್ತೆ ಒತ್ತಿದರೆ ಸ್ಲೇವಿಗೆ ಸ್ವಲ್ಪ ಜಾಸ್ತಿ ಆಯಿಲ್ ತಲುಪುತ್ತದೆ. ಅಂದರೆ ನಿಮ್ಮ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್ ಸರಿ ಇವೆ. ತಲುಪುವ ಆಯಿಲ್ ಸಾಲದು. ಪ್ಲೇಟು ತುಕ್ಕು ಹಿಡಿದು ಫ್ಲೈವೀಲಿಗೆ ಅಂಟಿದ್ದರೆ ಎಷ್ಟು ಸಲ ಒತ್ತಿದರೂ ಈ ವ್ಯತ್ಯಾಸ ಕಾಣುವುದಿಲ್ಲ.

ಎಷ್ಟು ಗಾಳಿ ಇದ್ದರೆ ಇಷ್ಟು ತೊಂದರೆ? ಇಲ್ಲಿ ಸಣ್ಣ ಲೆಕ್ಕ ಹಾಕುವುದು ಒಳ್ಳೆಯದು, ಯಾಕೆಂದರೆ ಬಹಳ ಜನ ನಂಬುವುದಕ್ಕಿಂತ ಉತ್ತರ ಚಿಕ್ಕದು. ಎಂಜಿಬಿಯಲ್ಲಿ ಮಾಸ್ಟರಿನ ಒಳವ್ಯಾಸ ಮುಕ್ಕಾಲು ಇಂಚು, ಸ್ಲೇವಿನದು ಒಂದೂಕಾಲು ಇಂಚು. ಪೆಡಲ್ ಪೂರ್ತಿ ಹೋದಾಗ ಮಾಸ್ಟರ್ ಪಿಸ್ಟನ್ 35 ಮಿ.ಮೀ. ಸರಿಯಿತು ಅಂದುಕೊಳ್ಳಿ. ಆಗ ಹೊರಟ ಆಯಿಲ್ ಸುಮಾರು 10 ಮಿ.ಲೀ. ಸ್ಲೇವಿನ ವಿಸ್ತೀರ್ಣ ಮಾಸ್ಟರಿನದರ ಸುಮಾರು 2.8 ಪಟ್ಟು, ಹಾಗಾಗಿ ಅದರ ರಾಡ್ ಸರಿಯುವುದು 12.5 ಮಿ.ಮೀ.ನಷ್ಟು, ಅಂದರೆ ಸರಿಸುಮಾರು ಅರ್ಧ ಇಂಚು. ಈಗ ಲೈನಿನಲ್ಲಿ 2 ಮಿ.ಲೀ. ಗಾಳಿ ಕೂತಿದೆ ಎನ್ನಿ. ಕ್ಲಚ್ ಒತ್ತಿದಾಗ ಲೈನಿನ ಒತ್ತಡ ವಾತಾವರಣದ ಹತ್ತಾರು ಪಟ್ಟು ಏರುವುದರಿಂದ ಆ ಗಾಳಿ ಕುಗ್ಗಿ ಇಲ್ಲದಂತಾಗುತ್ತದೆ. ಅಷ್ಟೇ ಆಯಿಲ್ ಸ್ಲೇವಿಗೆ ಖೋತಾ. ರಾಡಿನ ಓಟ 10 ಮಿ.ಮೀ.ಗೆ ಇಳಿಯುತ್ತದೆ. ಅರ್ಧ ಟೀ ಚಮಚಕ್ಕಿಂತಲೂ ಕಡಿಮೆ ಗಾಳಿ, ರಿವರ್ಸ್ ಕರಕರ ಅನ್ನಲು ಅಷ್ಟು ಸಾಕು. 1967ರ ಕೊನೆಯವರೆಗಿನ ಎಂಜಿಬಿಗಳಲ್ಲಿ ಫಸ್ಟ್ ಗೇರಿಗೂ ಸಿಂಕ್ರೋ (ಗೇರ್ ಸದ್ದಿಲ್ಲದೆ ಸೇರುವಂತೆ ವೇಗ ಹೊಂದಿಸುವ ಭಾಗ) ಇಲ್ಲ, ರಿವರ್ಸಿಗಂತೂ ಇಲ್ಲ. ಕ್ಲಚ್ ಪೂರ್ತಿ ಬಿಡದೆ ಸ್ವಲ್ಪ ಹಿಡಿದರೂ ನಿಮಗೆ ಮೊದಲು ಕೇಳಿಸುವುದು ಅಲ್ಲೇ.

ಆದ್ದರಿಂದ ಕೆಲಸ ಶುರು ಮಾಡುವ ಮೊದಲು ಒಬ್ಬರನ್ನು ಪೆಡಲ್ ಒತ್ತಲು ಕೂರಿಸಿ, ನೀವು ಸ್ಟೀಲ್ ಸ್ಕೇಲ್ ಹಿಡಿದು ಸ್ಲೇವಿನ ಪುಶ್ ರಾಡ್ ಎಷ್ಟು ಸರಿಯುತ್ತದೆ ಎಂದು ಅಳೆಯಿರಿ. ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಪ್ರತಿ ಸಲ ಬ್ಲೀಡ್ ಮಾಡಿದ ಮೇಲೂ ಇದನ್ನೇ ನೋಡಿ. ಟ್ಯೂಬಿನ ಗುಳ್ಳೆ ಸುಳ್ಳು ಹೇಳಬಹುದು, ಪೆಡಲ್ ಬಗ್ಗೆ ಕಾಲಿನ ಅಂದಾಜೂ ಸುಳ್ಳು ಹೇಳಬಹುದು, ಸ್ಕೇಲ್ ಹೇಳುವುದಿಲ್ಲ. ಗಾಡಿ ಅಡಿಗೆ ಹೋಗುವಾಗ ಬರೀ ಜ್ಯಾಕ್ ನಂಬಬೇಡಿ. ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಅಡ್ಡ ಇಟ್ಟು, ಗೇರ್ ನ್ಯೂಟ್ರಲ್‌ನಲ್ಲಿರಿಸಿ, ಎಂಜಿನ್ ಆಫ್ ಮಾಡಿಯೇ ಅಳೆಯಿರಿ.

ಬ್ರೇಕಿನ ಹಾಗೆ ಬ್ಲೀಡ್ ಮಾಡಿದರೆ ಯಾಕೆ ಆಗುವುದಿಲ್ಲ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ಮಾಸ್ಟರ್ ಎಲ್ಲಕ್ಕಿಂತ ಮೇಲೆ, ಸ್ಲೇವ್ ಗೇರ್‌ಬಾಕ್ಸಿನ ಪಕ್ಕ ಕೆಳಗೆ. ಗಾಳಿ ಮೇಲೇರಲು ನೋಡುತ್ತದೆ, ನೀವು ಅದನ್ನು ಕೆಳಗೆ ತಳ್ಳುತ್ತಿದ್ದೀರಿ. ಪೈಪಿನ ಒಳವ್ಯಾಸ 5 ಮಿ.ಮೀ. ಎಂದು ಹಿಡಿದರೆ ಒಂದು ಪೆಡಲಿನ 10 ಮಿ.ಲೀ. ಆಯಿಲ್ ಪೈಪಿನೊಳಗೆ ಅರ್ಧ ಮೀಟರ್ ಮುಂದೆ ಹೋಗುತ್ತದೆ, ಅಷ್ಟೆ. ಪೈಪ್ ಅದಕ್ಕಿಂತ ಉದ್ದವಾಗಿದ್ದರೆ ಗುಳ್ಳೆ ನಡುದಾರಿಯಲ್ಲಿ ನಿಲ್ಲುತ್ತದೆ. ನಿಪ್ಪಲ್ ಮುಚ್ಚಿ, "ಬಿಡು" ಅಂದು, ಅವರು ಕಾಲು ತೆಗೆದು, ಮತ್ತೆ "ಒತ್ತು" ಅನ್ನುವಷ್ಟರಲ್ಲಿ ಅದು ಬಂದ ದಾರಿಯಲ್ಲೇ ಮೇಲೇರತೊಡಗುತ್ತದೆ. ಬ್ರೇಕಿನಲ್ಲಿ ಈ ತಾಪತ್ರಯ ಇಷ್ಟಿಲ್ಲ. ಪೈಪಿನ ಬಹುಪಾಲು ನೆಲಕ್ಕೆ ಸಮಾನಾಂತರವಾಗಿ ಓಡುತ್ತದೆ.

ನನ್ನ ಸಲಹೆ: ದಿಕ್ಕನ್ನೇ ತಿರುಗಿಸಿ. ಗಾಳಿ ಹೋಗಬೇಕೆಂದಿರುವ ಕಡೆಗೇ ಆಯಿಲ್ ತಳ್ಳಿ, ಕೆಳಗಿನ ನಿಪ್ಪಲ್ಲಿನಿಂದ ಮೇಲಿನ ರಿಸರ್ವಾಯರಿಗೆ.

ಇದಕ್ಕೆ ಬೇಕಾದ್ದು 50 ಅಥವಾ 100 ಮಿ.ಲೀ.ನ ಒಂದು ಹೊಸ ಸಿರಿಂಜ್, ನಿಪ್ಪಲ್ಲಿಗೆ ಬಿಗಿಯಾಗಿ ಕೂರುವ ಪಾರದರ್ಶಕ ಟ್ಯೂಬ್, ಅದನ್ನು ಕಟ್ಟಲು ಸಣ್ಣ ಕ್ಲಿಪ್ ಅಥವಾ ತಂತಿ, ಕಣ್ಣಿಗೆ ಕನ್ನಡಕ. ಟ್ಯೂಬ್ ಜಾರಿದರೆ ಆಯಿಲ್ ನೇರ ಮುಖಕ್ಕೇ ಹಾರುವುದು, ಕನ್ನಡಕ ಬೇಡ ಅನ್ನಬೇಡಿ. ಮೇಲಿನ ರಿಸರ್ವಾಯರಿನಿಂದ ಅರ್ಧಕ್ಕೂ ಹೆಚ್ಚು ಆಯಿಲ್ ತೆಗೆದು ಜಾಗ ಮಾಡಿ. ಎಂಜಿಬಿಯ ರಿಸರ್ವಾಯರ್ ಮಾಸ್ಟರಿಗೇ ಸೇರಿದ ಸಣ್ಣ ಡಬ್ಬಿ, ತುಂಬಿ ಚೆಲ್ಲಲು ಹೊತ್ತಾಗುವುದಿಲ್ಲ. ನಿಪ್ಪಲ್ಲಿನ ಸುತ್ತ ಮಣ್ಣು, ಜಿಡ್ಡು ಚೆನ್ನಾಗಿ ಒರೆಸಿ. ನಿಪ್ಪಲ್ ಜಾಮ್ ಆಗಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು, ಆರು ಮೂಲೆಯ ಸಾಕೆಟ್ ಹಾಕಿ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಆಡಿಸಿ. ಬಾಯಿ ತೆರೆದ ಸ್ಪ್ಯಾನರ್ ಹಾಕಿದರೆ ಮೂಲೆ ಉರುಳಿ ಹೋಗುತ್ತದೆ. ಇಂಚಿನ ಕಾಲದ ಗಾಡಿಗೆ ಮಿ.ಮೀ. ಸ್ಪ್ಯಾನರ್ ತುರುಕುವ ಚಾಳಿಯೂ ಬೇಡ. 7/16 ಇಂಚು ಅಂದರೆ 11.1 ಮಿ.ಮೀ., 11ರದ್ದು ಬಲವಂತವಾಗಿ ಕೂತಂತೆ ಅನಿಸಿದರೂ ಅದು ಅದರ ಜೋಡಿಯಲ್ಲ.

ಸಿರಿಂಜಿಗೆ ಆಯಿಲ್ ಎಳೆದು, ಮೂತಿ ಮೇಲೆ ಮಾಡಿ ಬೆರಳಿನಿಂದ ತಟ್ಟಿ ಗುಳ್ಳೆಯೆಲ್ಲ ಹೊರಗೆ ಬಿಡಿ. ಟ್ಯೂಬೂ ತುದಿಯವರೆಗೆ ತುಂಬಿರಬೇಕು. ಇಲ್ಲವಾದರೆ ನೀವೇ ಒಂದು ಟ್ಯೂಬಿನಷ್ಟು ಗಾಳಿ ಒಳಗೆ ತಳ್ಳಿದಂತೆ. ನಿಪ್ಪಲ್ಲನ್ನು ಕೂದಲಷ್ಟು ಸಡಿಲಿಸಿ ಒಂದೆರಡು ಹನಿ ಹೊರಬರುವಾಗಲೇ ಟ್ಯೂಬ್ ಹಾಕಿ ಕಟ್ಟಿ. ಆಮೇಲೆ ಅರ್ಧ ಸುತ್ತು ತೆರೆದು, ಒಂದೇ ಸಮನೆ ನಿಧಾನವಾಗಿ ತಳ್ಳಿ. ಈ ಹೊತ್ತಿಗೆ ಪೆಡಲನ್ನು ಯಾರೂ ಮುಟ್ಟಬಾರದು. ಇನ್ನೊಬ್ಬರು ರಿಸರ್ವಾಯರ್ ನೋಡುತ್ತಿರಲಿ. ಮೊದಲು ಏನೂ ಕಾಣುವುದಿಲ್ಲ, ಆಯಿಲ್ ಮಟ್ಟ ಮೆಲ್ಲಗೆ ಏರುತ್ತದೆ; ಆಮೇಲೆ ಒಂದೆರಡು ದಪ್ಪ ಗುಳ್ಳೆ "ಬುಳಕ್" ಎಂದು ಏಳುತ್ತವೆ, ಹಿಂದೆಯೇ ಸಣ್ಣವು ನೊರೆಯ ಹಾಗೆ. ಡಬ್ಬಿ ತುಂಬುವ ಮೊದಲು ನಿಲ್ಲಿಸಿ, ಸಿರಿಂಜ್ ಮೇಲೆ ಒತ್ತಡ ಇರುವಾಗಲೇ ನಿಪ್ಪಲ್ ಬಿಗಿ ಮಾಡಿ. ಮೇಲಿನ ಆಯಿಲ್ ತೆಗೆದು ಮತ್ತೊಮ್ಮೆ ಮಾಡಿ. ಹಳೆ ಆಯಿಲ್ ಇರುವ ಲೈನಾಗಿದ್ದರೆ ಮೊದಲು ಮೇಲಿಂದ ಕೆಳಗೆ ತೊಳೆದು ಆಮೇಲೆ ಇದನ್ನು ಮಾಡಬೇಕಿತ್ತು, ಕೆಳಗಿನ ಕೊಳೆ ಮಾಸ್ಟರಿಗೆ ಏರಬಾರದು. ನಿಮ್ಮಲ್ಲಿ ಬಹುಪಾಲು ಹೊಸದೇ, ಚಿಂತೆಯಿಲ್ಲ.

ತಳ್ಳಿದರೆ ಆಯಿಲ್ ಮೇಲೆ ಹೋಗುವುದೇ ಇಲ್ಲ, ಸಿರಿಂಜ್ ಕಲ್ಲಿನ ಹಾಗಿದೆ ಅಂದರೆ ಅಲ್ಲೇ ನಿಲ್ಲಿಸಿ. ಅದೊಂದು ಬೇರೆ ಕಾಯಿಲೆ, ಮತ್ತು ಮಾಸ್ಟರಿಗೆ ಕಿಟ್ ಹಾಕಿದ ಗಾಡಿಗಳಲ್ಲಿ ಅಪರೂಪವೇನಲ್ಲ. ಮಾಸ್ಟರಿನೊಳಗೆ ರಿಸರ್ವಾಯರಿಗೆ ಸೇರುವ ಒಂದು ಸೂಜಿತೂತಿದೆ. ಪೆಡಲ್ ಪೂರ್ತಿ ಮೇಲೆ ಬಂದಾಗ ರಬ್ಬರ್ ಕಪ್ಪು ಆ ತೂತಿನಿಂದ ಸ್ವಲ್ಪವೇ ಹಿಂದೆ ನಿಲ್ಲಬೇಕು. ಪೆಡಲ್ ಸ್ಪ್ರಿಂಗ್ ತುಂಡಾಗಿದ್ದರೆ, ಪುಶ್ ರಾಡ್ ಬೇರೆ ಗಾಡಿಯದಾಗಿದ್ದರೆ, ದಪ್ಪ ಕಾರ್ಪೆಟ್ ಪೆಡಲ್ ಹಿಂದೆ ಸಿಕ್ಕಿದ್ದರೆ ರಬ್ಬರ್ ಕಪ್ಪು ಆ ತೂತಿನ ಮೇಲೆಯೇ ಕೂತುಬಿಡುತ್ತದೆ. ಆಮೇಲೆ ಗಾಳಿಗೂ ದಾರಿಯಿಲ್ಲ, ಆಯಿಲಿಗೂ ಇಲ್ಲ. ನೋಡುವುದು ಸುಲಭ: ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು, ಪೆಡಲನ್ನು ಕೈಯಲ್ಲಿ ಬೆರಳಷ್ಟೇ ಒತ್ತಿ. ಓಟದ ಮೊದಲ ಕ್ಷಣದಲ್ಲಿ ಆಯಿಲ್ ಮೇಲ್ಮೈಯಲ್ಲಿ ಸಣ್ಣ ಚಿಲುಮೆ ಏಳಬೇಕು, ನಂತರ ನಿಲ್ಲಬೇಕು. ಅದು ಏಳದಿದ್ದರೆ ಮೊದಲು ಪೆಡಲ್ ಮೇಲೆ ಬರುವಂತೆ ಮಾಡಿ, ರಾಡಿಗೂ ಪಿಸ್ಟನ್ನಿಗೂ ನಡುವೆ ಕೂದಲಷ್ಟು ಸಡಿಲ ಇದೆಯೇ ನೋಡಿ. ನಿಮ್ಮ ಗಾಡಿಯಲ್ಲಿ ಆ ರಾಡಿಗೆ ಹೊಂದಾಣಿಕೆಯ ನಟ್ ಇಲ್ಲ, ಸಡಿಲ ತಾನಾಗಿಯೇ ಇರಬೇಕು. ಬೇರೆ ಕೆಲವು ಗಾಡಿಗಳಲ್ಲಿ ಸೂಜಿತೂತಿನ ಬದಲು ಪ್ಲಂಜರಿನ ತುದಿಯಲ್ಲಿ ಸಣ್ಣ ವಾಲ್ವ್ ಇರುವ ಗರ್ಲಿಂಗ್ ಕಂಪನಿಯ ಮಾಸ್ಟರ್ ಇರುತ್ತದೆ. ಅಲ್ಲೂ ಕತೆ ಇದೇ, ಪ್ಲಂಜರ್ ಪೂರ್ತಿ ಹಿಂದೆ ಬಂದರೆ ಮಾತ್ರ ವಾಲ್ವ್ ತೆರೆಯುತ್ತದೆ.

ಸಿರಿಂಜಿನಿಂದ ಬಹುಪಾಲು ಗಾಳಿ ಹೋಗುತ್ತದೆ. ಉಳಿಯುವುದು ಸ್ಲೇವಿನ ಹೊಟ್ಟೆಯಲ್ಲಿ. ಪಿಸ್ಟನ್ ಹಿಂದೆ ಸ್ಪ್ರಿಂಗ್ ಇರುವ ಖಾಲಿ ಜಾಗದಲ್ಲಿ, ಅದರಲ್ಲೂ ನಿಪ್ಪಲ್ಲಿಗಿಂತ ಎತ್ತರದ ಮೂಲೆಯಿದ್ದರೆ ಅಲ್ಲಿ, ಒಂದು ಗುಳ್ಳೆ ಕೂತುಬಿಡುತ್ತದೆ; ಪಕ್ಕದಲ್ಲೇ ಆಯಿಲ್ ಹರಿದು ಹೋದರೂ ಅಲುಗುವುದಿಲ್ಲ. ಅದಕ್ಕೆ ಸ್ಲೇವನ್ನು ಬಿಚ್ಚಬೇಕು. ಬೆಲ್ ಹೌಸಿಂಗಿಗೆ (ಕ್ಲಚ್ಚಿನ ಹೊರಕವಚಕ್ಕೆ) ಹಿಡಿದಿರುವುದು ಎರಡೇ ಬೋಲ್ಟ್. ಹೋಸ್ ತಿರುಚದಂತೆ ಕೆಳಗಿಳಿಸಿ, ನಿಪ್ಪಲ್ ಎಲ್ಲಕ್ಕಿಂತ ಮೇಲೆ ಬರುವಂತೆ ಹಿಡಿದು, ನಿಪ್ಪಲ್ ಮುಚ್ಚಿಯೇ ಇಟ್ಟು, ದುಂಡು ಮರದ ಕಡ್ಡಿಯಿಂದ ಪಿಸ್ಟನ್ನನ್ನು ತಳ ಮುಟ್ಟುವವರೆಗೆ ಮೆಲ್ಲಗೆ ಒಳಗೆ ತಳ್ಳಿ. ಒಳಗಿನ ಆಯಿಲ್ ಗಾಳಿಯನ್ನೂ ಹೊತ್ತುಕೊಂಡು ರಿಸರ್ವಾಯರಿಗೆ ವಾಪಸ್ ಹೋಗುತ್ತದೆ. ಸ್ಪ್ರಿಂಗ್ ಪಿಸ್ಟನ್ನನ್ನು ಹೊರಗೆ ತಳ್ಳುವಾಗ ಕಡ್ಡಿಯನ್ನು ಒಮ್ಮೆಲೇ ಬಿಡದೆ ನಿಧಾನವಾಗಿ ಹಿಂದೆ ಬರಲು ಬಿಡಿ. ಹೀಗೆ ಮೂರು ನಾಲ್ಕು ಸಲ, ನಡುವೆ ಸ್ಲೇವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ. ಸ್ಲೇವ್ ಬಿಚ್ಚಿರುವಾಗ ಅಪ್ಪಿತಪ್ಪಿಯೂ ಪೆಡಲ್ ಒತ್ತಬಾರದು, ಪಿಸ್ಟನ್ ಹೊರಗೆ ಹಾರಿ ಆಯಿಲ್ ಎಲ್ಲ ಸುರಿದು ಮತ್ತೆ ಮೊದಲಿನಿಂದ ಶುರು. ಪೆಡಲಿಗೆ ಒಂದು ಚೀಟಿ ಅಂಟಿಸಿದರೂ ತಪ್ಪಿಲ್ಲ.

ಕೈ ಹಾಕಿದ ಮೇಲೆ ಒಂದು ಸಂಗತಿ ನೋಡಿಕೊಳ್ಳಿ. ಕೆಲವು ಸ್ಲೇವ್‌ಗಳಲ್ಲಿ ಹೋಸಿಗೊಂದು, ನಿಪ್ಪಲ್ಲಿಗೊಂದು ತೂತು ಒಂದರ ಮೇಲೊಂದು ಇರುತ್ತವೆ. ನಿಪ್ಪಲ್ ಮೇಲಿನದರಲ್ಲೇ ಇರಬೇಕು. ತಲೆಕೆಳಗಾಗಿ ಜೋಡಿಸಿದ ಸ್ಲೇವಿನಿಂದ ಯಾವ ವಿಧಾನದಲ್ಲೂ ಗಾಳಿ ಹೋಗುವುದಿಲ್ಲ, ಮತ್ತು ಇದು ಗೊತ್ತಾಗದೆ ಎರಡು ಮೂರು ಸ್ಲೇವ್ ಬದಲಿಸಿದವರೂ ಇದ್ದಾರೆ.

ಮಾಸ್ಟರ್ ಬಿಚ್ಚಿ ಹಾಕಿದ್ದೀರಿ, ಹಾಗಾಗಿ ಅದರ ಬಾಯಲ್ಲೂ ಗಾಳಿ ಉಳಿದಿರಬಹುದು. ಪೈಪ್ ಹೊರಡುವ ಜಾಗದ ಯೂನಿಯನ್ (ಪೈಪ್ ಜೋಡಿಸುವ ನಟ್) ಸುತ್ತ ಬಟ್ಟೆ ಹಿಡಿದು, ಅರ್ಧ ಸುತ್ತು ಸಡಿಲಿಸಿ, ಪೆಡಲ್ ನಿಧಾನವಾಗಿ ಒತ್ತಿಸಿ, ಕೆಳಗಿರುವಾಗಲೇ ಬಿಗಿ ಮಾಡಿ. ಒಂದೆರಡು ಸಲ ಸಾಕು. ಬಟ್ಟೆಯಿಂದ ತೊಟ್ಟಿಕ್ಕಿದ ಆಯಿಲ್ ಪೇಂಟನ್ನು ತಿಂದು ಹಾಕುತ್ತದೆ. ಒಣಬಟ್ಟೆಯಿಂದ ಉಜ್ಜಬೇಡಿ, ತಕ್ಷಣ ಧಾರಾಳವಾಗಿ ನೀರು ಸುರಿಯಿರಿ. ಗ್ಲೈಕಾಲ್ ಜಾತಿಯ ಬ್ರೇಕ್ ಆಯಿಲ್ ನೀರಿನಲ್ಲಿ ಸಲೀಸಾಗಿ ಕರಗಿ ಹೋಗುತ್ತದೆ.

ಬೇರೆ ದಾರಿಗಳೂ ಉಂಟು. ಸ್ಪೇರ್ ಟೈರಿನ ಗಾಳಿಯಿಂದ ರಿಸರ್ವಾಯರಿಗೆ ಒತ್ತಡ ಕೊಟ್ಟು ಬ್ಲೀಡ್ ಮಾಡುವ ಸಾಧನ ಚೆನ್ನಾಗಿ ಕೆಲಸ ಮಾಡುತ್ತದೆ. ಹರಿವು ನಿಲ್ಲದೇ ಇರುವುದರಿಂದ ಗುಳ್ಳೆಗೆ ಹಿಂದೆ ಏರಲು ಬಿಡುವು ಸಿಗುವುದಿಲ್ಲ. ಆದರೆ ಒತ್ತಡ 20 ಪಿಎಸ್‌ಐ ಮೀರಬಾರದು, ಹಳೆ ತಗಡಿನ ಡಬ್ಬಿಗೆ 10 ಸಾಕು, ಮತ್ತು ಆಯಿಲ್ ತುಂಬುವ ಮೊದಲು ಬರೀ ಗಾಳಿ ಬಿಟ್ಟು ಮುಚ್ಚಳ ಸೋರುತ್ತದೆಯೇ ನೋಡಿಕೊಳ್ಳಿ. ಪೆಡಲಿಗೆ ಕೋಲು ಕೊಟ್ಟು ರಾತ್ರಿಯಿಡೀ ಒತ್ತಿಡುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ಪೆಡಲ್ ಕೆಳಗಿರುವಾಗ ರಿಸರ್ವಾಯರಿನ ದಾರಿಯೇ ಮುಚ್ಚಿರುತ್ತದೆ. ಮಾಸ್ಟರ್ ಹತ್ತಿರ ಬಂದು ಸೇರಿದ ಕೊನೆಯ ಸಣ್ಣ ಗುಳ್ಳೆ ಬೆಳಿಗ್ಗೆ ಪೆಡಲ್ ಬಿಟ್ಟಾಗ ಹೋಗಬಹುದು, ಅಷ್ಟಕ್ಕೆ ಸರಿ. ಮುಂದಿನ ಬ್ರೇಕ್ ಕ್ಯಾಲಿಪರಿನ ನಿಪ್ಪಲ್ಲಿನಿಂದ ಸ್ಲೇವಿಗೆ ಟ್ಯೂಬ್ ಕೊಟ್ಟು ಬ್ರೇಕ್ ಪೆಡಲ್ ಒತ್ತಿ ಕ್ಲಚ್ ತುಂಬುವ ಚಮತ್ಕಾರ ನನಗೆ ಹಿಡಿಸುವುದಿಲ್ಲ. ಕೆಲಸ ಆಗುತ್ತದೆ, ನಿಜ. ಆದರೆ ಕ್ಯಾಲಿಪರಿನ ತಳದ ಕೊಳೆ ಹೊಸ ಕ್ಲಚ್ಚಿಗೆ ಹೋಗುತ್ತದೆ, ಸ್ವಲ್ಪ ಯಾಮಾರಿದರೆ ಬ್ರೇಕ್ ಲೈನಿಗೇ ಗಾಳಿ ಸೇರುತ್ತದೆ. ಕ್ಲಚ್ ಇಲ್ಲದೆ ಗಾಡಿ ನಿಂತೀತು; ಬ್ರೇಕ್ ಇಲ್ಲದೆ ನಿಲ್ಲುವುದಿಲ್ಲ.

ಆಯಿಲ್ ಬಗ್ಗೆ ಚಿಕ್ಕದಾಗಿ. ಡಾಟ್ 4 ದರ್ಜೆಯ ಬ್ರೇಕ್ ಫ್ಲೂಯಿಡ್ ಹಾಕಿ. ಎಂದೋ ತೆರೆದಿಟ್ಟ ಬಾಟಲಿ ಬೇಡ, ಅದು ಗಾಳಿಯ ತೇವ ಹೀರಿರುತ್ತದೆ. ಹೊಸ ಡಾಟ್ 4ರ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ, ನೀರು ಸೇರಿದ ಮೇಲೆ 155. ಕ್ಲಚ್ ಬ್ರೇಕಿನಷ್ಟು ಕಾಯುವುದಿಲ್ಲ, ಇಲ್ಲಿ ತೇವದ ನಿಜವಾದ ಹಾನಿ ಸಿಲಿಂಡರಿನ ಒಳಗೋಡೆಗೆ ಹಿಡಿಯುವ ತುಕ್ಕಿನ ಗುಳಿ. ಬಾಟಲಿ ಅಲ್ಲಾಡಿಸಬೇಡಿ, ಅಂಚಿನಿಂದ ಜಾರಿಸಿ ಸುರಿಯಿರಿ. ಡಾಟ್ 5 ಎಂದರೆ ಸಿಲಿಕೋನ್. ಪೇಂಟ್ ತಿನ್ನುವುದಿಲ್ಲ ಎಂದು ಕೆಲವರಿಗೆ ಪ್ರೀತಿ, ಆದರೆ ಸಣ್ಣ ಗುಳ್ಳೆಗಳನ್ನು ಬಿಡದೆ ಹಿಡಿದುಕೊಳ್ಳುತ್ತದೆ, ಗ್ಲೈಕಾಲ್ ಆಯಿಲ್ ಜೊತೆ ಬೆರೆಯುವುದೂ ಇಲ್ಲ. ಡಾಟ್ 5.1 ಹೆಸರಿನಲ್ಲಿ ಹತ್ತಿರ, ಜಾತಿಯಲ್ಲಿ ಡಾಟ್ 4ರ ನೆಂಟ. ಎಂಜಿನ್ ಆಯಿಲ್ ಒಂದು ಹನಿ ಬಿದ್ದರೂ ರಬ್ಬರ್ ಉಬ್ಬಿ ಹಾಳಾಗುತ್ತದೆ. ಅದಕ್ಕೇ ಸಿರಿಂಜ್ ಹೊಸದಿರಲಿ ಎಂದೆ.

ಈಗ ಮತ್ತೆ ಸ್ಕೇಲ್ ಹಿಡಿಯಿರಿ. ರಾಡ್ 12 ಮಿ.ಮೀ. ಆಸುಪಾಸು ಸರಿಯುತ್ತಿದ್ದರೆ ಲೈನಿನಲ್ಲಿ ಗಾಳಿ ಇಲ್ಲ, ಬ್ಲೀಡ್ ಮಾಡುವುದನ್ನು ನಿಲ್ಲಿಸಿ. ಎಂಜಿನ್ ಸ್ಟಾರ್ಟ್ ಮಾಡಿ, ಪೆಡಲ್ ಪೂರ್ತಿ ಒತ್ತಿ, ಹತ್ತು ಸೆಕೆಂಡ್ ಕಾದು ರಿವರ್ಸ್ ಹಾಕಿ. ಕಾಯದೆ ಹಾಕಿದರೆ ಸರಿಯಿರುವ ಕ್ಲಚ್ಚಿನಲ್ಲೂ ಕರಕರ ಅನ್ನಬಹುದು, ಗೇರ್‌ಬಾಕ್ಸಿನ ಶಾಫ್ಟ್ ಇನ್ನೂ ತಿರುಗುತ್ತಿರುತ್ತದೆ. ಕಾದ ಮೇಲೂ ಸದ್ದು ಬಂದರೆ ಕ್ಲೆವಿಸ್ ಪಿನ್‌ಗಳನ್ನು (ಒಂದು ಪೆಡಲಿಗೆ, ಇನ್ನೊಂದು ಕ್ಲಚ್ ಫೋರ್ಕಿಗೆ ರಾಡ್ ಜೋಡಿಸುವವು) ನೋಡಿ. ಪಿನ್ ನಡು ಸವೆದು ಸಣ್ಣಗಾಗಿರುತ್ತದೆ, ತೂತು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಇಲ್ಲೂ ಲೆಕ್ಕ ಉಪಯೋಗಕ್ಕೆ ಬರುತ್ತದೆ: ಪೆಡಲ್ ಕಡೆಯ ಪಿನ್ 1 ಮಿ.ಮೀ. ಸವೆದರೆ ಸ್ಲೇವಿನಲ್ಲಿ ಕಳೆಯುವುದು 0.36 ಮಿ.ಮೀ. ಮಾತ್ರ, ಸ್ಲೇವ್ ರಾಡಿನ ಕಡೆ 1 ಮಿ.ಮೀ. ಸವೆದರೆ ಪೂರ್ತಿ 1 ಮಿ.ಮೀ. ನಷ್ಟ. ಹಾಗಾಗಿ ಗಾಡಿಯ ಅಡಿಯಲ್ಲಿ ಇರುವಾಗಲೇ ಫೋರ್ಕಿನ ಪಿನ್ ಅಲ್ಲಾಡಿಸಿ ನೋಡುವುದು ಒಳ್ಳೆಯದು, ನಾಲ್ಕಾಣೆ ಕೆಲಸ.

ರಾಡಿನ ಓಟ ಇನ್ನೂ ಕಡಿಮೆಯೇ ಇದ್ದರೆ, ಪೆಡಲನ್ನು ಒತ್ತಿ ಹಾಗೇ ಹಿಡಿಸಿ ಅರ್ಧ ನಿಮಿಷ ರಾಡನ್ನು ನೋಡುತ್ತಿರಿ. ರಾಡ್ ತಾನಾಗಿ ಹಿಂದೆ ಜಾರುತ್ತಾ ಬಂದರೆ, ಹೊರಗೆಲ್ಲೂ ತೇವ ಇಲ್ಲದಿದ್ದರೆ, ಮಾಸ್ಟರಿನ ಹೊಸ ಕಪ್ಪು ಆಯಿಲನ್ನು ಹಿಂದೆ ಬಿಡುತ್ತಿದೆ. ನೀವು ಬರೀ ಕಿಟ್ ಹಾಕಿದ್ದೀರಿ, ಸಿಲಿಂಡರ್ ಹಳೆಯದೇ. ಒಳಗೋಡೆಯಲ್ಲಿ ಉಗುರಿಗೆ ಸಿಗುವ ಗುಳಿ ಇದ್ದರೆ ಎಂಥ ಕಿಟ್ಟೂ ನಿಲ್ಲುವುದಿಲ್ಲ, ಪೂರ್ತಿ ಮಾಸ್ಟರ್ ಬದಲಿಸಿ. ಕಪ್ಪು ಉಲ್ಟಾ ಕೂತಿಲ್ಲ ತಾನೇ ಎಂದೂ ನೋಡಿ, ತುಟಿ ಯಾವಾಗಲೂ ಆಯಿಲ್ ಒತ್ತಡದ ಕಡೆಗೆ ಮುಖ ಮಾಡಿರಬೇಕು. ಓಟ ಕಡಿಮೆ ಇದ್ದರೂ ರಾಡ್ ಜಾರದಿದ್ದರೆ ಹೋಸಿಗೆ ಕೈ ಹಿಡಿದು ಪೆಡಲ್ ಒತ್ತಿಸಿ. ಬೆರಳಿಗೆ ಉಬ್ಬುವುದು ತಿಳಿದರೆ ಆಯಿಲ್ ಅಲ್ಲೇ ಖರ್ಚಾಗುತ್ತಿದೆ, ಹೋಸ್ ಹೊಸದಾದರೂ ಸರಿಯೆ.

ಎಲ್ಲ ಸರಿಹೋದ ಮೇಲೆ ಒಂದು ವಾರ ಓಡಿಸಿ, ಸ್ಲೇವಿನ ರಬ್ಬರ್ ಬೂಟನ್ನು ಮಡಚಿ ಒಳಗೆ ಬೆರಳಾಡಿಸಿ. ಒಣಗಿದ್ದರೆ ಮುಗಿಯಿತು. ಒದ್ದೆಯಾಗಿದ್ದರೆ ಹೊಸ ಸ್ಲೇವ್ ಎಂಬ ಮುಲಾಜು ಇಟ್ಟುಕೊಳ್ಳದೆ ವಾಪಸ್ ಕೊಟ್ಟು ಬೇರೆ ತನ್ನಿ. ಹೋಸ್ ಮತ್ತೆ ಜೋಡಿಸುವಾಗ ತಾಮ್ರದ ವಾಷರ್ ಹೊಸದೇ ಹಾಕಿ.